ಮಗ್ಗುಲು ಬದಲಿಸುವ ಪಟ್ಟಿ

ಅಮ್ಮ ತೀರಿಕೊಂಡ ಮೂರನೆಯ ದಿನ ಅವಳ ಸೀರೆ, ಕನ್ನಡಕ ತರಲು ಮೂಡುಬಿದಿರೆಯ ವೃದ್ಧಾಶ್ರಮಕ್ಕೆ ಹೋಗಿದ್ದೆ. ಮಂಚದ ತುದಿಯಲ್ಲಿ ಅವಳ ಪಟ್ಟಿ ಇನ್ನೂ ನೇತಾಡುತ್ತಿತ್ತು. ಮಲಗಿದವರಿಗೆ ಬೆನ್ನುಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಗುರುತು ಹಾಕುವ ಪಟ್ಟಿ ಅದು. ಅಮ್ಮನ ಬೆನ್ನಲ್ಲಿ ಅಂಗೈಯಗಲದ ಹುಣ್ಣಿತ್ತು; ಪಟ್ಟಿಯಲ್ಲಿ ಒಂದು ಗುರುತೂ ತಪ್ಪಿರಲಿಲ್ಲ. ಅವಳು ಹೋದದ್ದು ಬೆಳಗ್ಗೆ ಏಳಕ್ಕೆ. ಸಂಜೆ ನಾಲ್ಕಕ್ಕೆ, ನಾವು ಬಂಟ್ವಾಳದಲ್ಲಿ ಚಿತೆಯ ಮುಂದೆ ನಿಂತಿದ್ದಾಗ, ಇಲ್ಲಿ ಅವಳನ್ನು ಎಡಕ್ಕೆ ತಿರುಗಿಸಿದ್ದರು. ಇಷ್ಟು ಆರೈಕೆ ಎಲ್ಲರಿಗೂ ಸಿಗುವುದಿಲ್ಲ.

"ಅದು ಬೆಳಗ್ಗೆಯೇ ಇಡೀ ದಿನದ್ದು ಹಾಕಿ ಇಡುವುದು ಟೀಚರ್," ಎಂದರು ಸಿಸ್ಟರ್. "ತಪಾಸಣೆಗೆ ಬಂದವರು ಖಾಲಿ ಚೌಕ ಕಂಡರೆ ಬೈತಾರೆ."

"ಹುಣ್ಣು ಕಂಡರೆ?"

"ಅವರು ಚಾದರ ಎತ್ತಿ ನೋಡುವುದಿಲ್ಲ ಮಾರಾಯ್ರೆ."

ಪಕ್ಕದ ಮಂಚದಲ್ಲಿ ಕಕ್ಕಿಂಜೆಯ ಬ್ಯಾರಿ ಅಜ್ಜಿ ಬಲಕ್ಕೆ ಮಲಗಿದ್ದರು. "ಬೆಳಗ್ಗಿನಿಂದ ಹೀಗೇ ಇದ್ದೇನೆ ಟೀಚರೇ, ಸೊಂಟ ಉರಿಯುತ್ತದೆ," ಎಂದರು. ಗೋಡೆಯ ಗಡಿಯಾರದಲ್ಲಿ ಗಂಟೆ ಹನ್ನೊಂದು. ಅವರ ಪಟ್ಟಿಯಲ್ಲಿ ಸಂಜೆ ಆರರ ಗುರುತೂ ಬಿದ್ದಿತ್ತು.

"ಒಂದು ಕೈ ಕೊಡಿ ಸಿಸ್ಟರ್, ತಿರುಗಿಸುವ," ಎಂದೆ.

ಸಿಸ್ಟರ್ ಬಂದು ಕೈ ಕೊಟ್ಟರು. ಅಜ್ಜಿಯನ್ನು ಎಡಕ್ಕೆ ತಿರುಗಿಸಿ ಬೆನ್ನಿಗೊಂದು ದಿಂಬು ಇಟ್ಟೆವು. ಅಜ್ಜಿ ದೀರ್ಘವಾಗಿ ಉಸಿರು ಬಿಟ್ಟರು. ಸಿಸ್ಟರ್ ಅಭ್ಯಾಸದಂತೆ ಪೆನ್ನು ತೆಗೆದು ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಹುಡುಕಿದರು. ನಿಜವಾಗಿ ಮಾಡಿದ ಕೆಲಸವನ್ನು ಬರೆಯಲು ಅದರಲ್ಲಿ ಒಂದು ಚೌಕವೂ ಉಳಿದಿರಲಿಲ್ಲ.