ಕೊಸರಿನ ಬೆಲೆ

ಅಜ್ಜಂಪುರದ ಸಂತೆಯಲ್ಲಿ ನಾನು ವರ್ಷಗಟ್ಟಲೆ ಒಬ್ಬಳ ಹತ್ತಿರವೇ ತರಕಾರಿ ಕೊಂಡವಳು. ನನಗಿಂತ ಹಿರಿಯಳು, ತರೀಕೆರೆ ಕಡೆಯಿಂದ ಮೊದಲ ಬಸ್ಸಿಗೆ ಬಂದು ಗೋಣಿಚೀಲ ಹಾಸಿ ಕೂರುತ್ತಿದ್ದಳು. ನಾನು ಅಕ್ಕಾ ಅನ್ನುತ್ತಿದ್ದೆ. ಅವಳು ‘ಬಾರೇ’ ಅನ್ನುತ್ತಿದ್ದಳು. ತೂಕ ಮುಗಿದ ಮೇಲೆ ಒಂದು ಹಿಡಿ ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ ನನ್ನ ಚೀಲಕ್ಕೆ ಬೀಳಲೇಬೇಕು. ಅದು ಕೊಸರು. ಅದರ ಜೊತೆಗೆ ಬೈಗುಳವೂ ಬಿಟ್ಟಿ.

“ನಿನ್ ಗಂಡಂಗೆ ಒಗ್ಗರಣೆ ಇಲ್ದಿರೋ ಸಾರು ಬಡಿಸ್ತೀಯೇನೇ? ತಗಾ, ಹೊತ್ಕೊಂಡ್ ಹೋಗು.”

ಈಚೆಗೆ ಹಿಡಿ ಸಣ್ಣದಾಯಿತು. ಮೊದಲು ಮೆಣಸಿನಕಾಯಿ ನಿಂತಿತು. ಆಮೇಲೆ ಕರಿಬೇವು ಎರಡು ಕಡ್ಡಿಗೆ ಇಳಿಯಿತು. ಅಷ್ಟು ಹಾಕುವಾಗಲೂ ಅವಳು ನನ್ನ ಮುಖ ನೋಡುತ್ತಿರಲಿಲ್ಲ.

“ಹೆಂಗಸ್ರಿಗೆ ಫ್ರೀ ಅಂತ ಬಸ್ನಲ್ಲಿ ನಂಗೆ ಟಿಕೇಟಿಲ್ಲ ಕಣೇ, ನನ್ ಮೂಟೆಗೈತೆ,” ಎಂದು ಒಮ್ಮೆ ತಾನಾಗಿಯೇ ಹೇಳಿದಳು.

ಒಂದು ಸಂತೆಯ ಬೆಳಿಗ್ಗೆ ಟೀವಿಯಲ್ಲಿ ಬೆಲೆ ಏರಿಕೆ ತಗ್ಗಿದೆ ಎಂದಿದ್ದರು. ಅವಳನ್ನು ನಗಿಸೋಣವೆಂದು ಅದನ್ನೇ ಹೇಳಿದೆ.

“ತಗ್ಗೈತಾ? ಯಾವ್ ಸಂತೇಲಂತೆ? ಕೇಳ್ಕಂಡ್ ಬಾ, ನಾನೂ ಅಲ್ಲೇ ಕೊಂಡ್ಕತೀನಿ.”

“ಬೆಲೆ ಇಳಿದಿಲ್ಲಂತೆ ಅಕ್ಕಾ, ಏರೋದು ನಿಧಾನ ಆಗಿದ್ಯಂತೆ.”

“ಹಂಗಾರೆ ಮರ ಹತ್ತಿದ್ದು ಇಳ್ದಿಲ್ಲ, ಮೆಲ್ಲಗೆ ಇನ್ನೂ ಹತ್ತತೈತೆ ಅನ್ನು!”

ಇಬ್ಬರೂ ನಕ್ಕೆವು. ನಗುತ್ತಲೇ ಅವಳು ಕರಿಬೇವಿಗೆ ಕೈ ಹಾಕಿದಳು. ಎರಡು ಕಡ್ಡಿ ಹಿಡಿದಳು, ಒಂದನ್ನು ಬಿಟ್ಟಳು. ನನಗೆ ನೋಡಲಾಗಲಿಲ್ಲ. “ಇದಕ್ಕೂ ತಗೋ ಅಕ್ಕಾ,” ಎಂದು ಹತ್ತು ರೂಪಾಯಿಯ ನೋಟನ್ನು ಅವಳ ಮಡಿಲಿಗೆ ಹಾಕಿಬಿಟ್ಟೆ.

“ಕೊಸರಿಗೆ ದುಡ್ಡಾ? ನಾನ್ ಕೇಳಿದ್ನೇನೇ?”

“ಇಲ್ಲಕ್ಕಾ, ನಿಂಗೂ ಕಷ್ಟ ಅಲ್ವಾ ಅಂತ...”

ಅವಳು ನೋಟನ್ನು ಮಡಿಸಿ ಎಲೆಯಡಿಕೆ ಚೀಲಕ್ಕೆ ಸೇರಿಸಿದಳು. ಅದನ್ನು ನನ್ನ ಮುಖಕ್ಕೆಸೆದು ಬೈದಿದ್ದರೆ ನಾನು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆ.

ಮುಂದಿನ ವಾರ ಗೋಣಿಯ ಅಂಚಿನಲ್ಲಿ ಕರಿಬೇವಿನ ಸಣ್ಣ ಸಣ್ಣ ಕಟ್ಟುಗಳಿದ್ದವು, ಬಾಳೆನಾರಿನಲ್ಲಿ ಬಿಗಿದವು. ನನ್ನ ಟೊಮೇಟೊ ತೂಗಿದಳು. ತಕ್ಕಡಿ ಒಂದಿಷ್ಟು ವಾಲಿದ್ದಕ್ಕೆ ಒಂದು ಹಣ್ಣು ತೆಗೆದು ಚಿಕ್ಕದೊಂದನ್ನು ಇಟ್ಟಳು.

“ಕರಿಬೇವು ಕೊಡ್ಲಾ ಅಮ್ಮಾ? ಕಟ್ಟಿಗೆ ಐದ್ರೂಪಾಯಿ.”

ಅಮ್ಮಾ ಎಂದಳು. ಪಕ್ಕದಲ್ಲಿ ನಿಂತ, ಗುರುತಿಲ್ಲದ ಹೆಂಗಸಿಗೂ ಅವಳು ಹಾಗೇ ಅಂದದ್ದು.

ಟೊಮೇಟೊ, ಬೀನ್ಸು ಎರಡೂ ಹಿಂದಿನ ವಾರದ ಬೆಲೆಗೇ ಇದ್ದವು. ಯಾರಾದರೂ ಬಂದು ಬೆಲೆ ಬರೆದುಕೊಂಡಿದ್ದರೆ, ಈ ಸಂತೆಯಲ್ಲಿ ಏನೂ ಏರಿಲ್ಲ ಎಂದೇ ಬರೆದುಕೊಳ್ಳುತ್ತಿದ್ದರು. ನಾನು ಒಂದು ಕಟ್ಟು ತೆಗೆದುಕೊಂಡೆ. ಅವಳು ಚಿಲ್ಲರೆಯನ್ನು ನನ್ನ ಅಂಗೈಗೆ ಒಂದೊಂದಾಗಿ ಎಣಿಸಿ ಹಾಕಿದಳು.