ನಾಲ್ಕು ತಾಸಿನ ವಾದ

ನನ್ನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿ ಮೂರು ವರ್ಷವಾಯಿತು. ಸೋಮವಾರ ಮತ್ತು ಗುರುವಾರ ಬೆಳಗಿನ ಬಸ್ಸಿಗೆ ಮುಧೋಳದಿಂದ ಜಮಖಂಡಿಗೆ ಹೋಗುತ್ತೇನೆ. ಅಲ್ಲಿ ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ತಾಸು ಮಲಗುತ್ತೇನೆ. ಒಂದು ಕೊಳವೆಯಲ್ಲಿ ರಕ್ತ ಹೊರಗೆ ಹೋಗುತ್ತದೆ, ಇನ್ನೊಂದರಲ್ಲಿ ಶುದ್ಧವಾಗಿ ಒಳಗೆ ಬರುತ್ತದೆ. ಉಳಿದ ದಿನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ. ದಿನಕ್ಕೆ ನಾನು ಕುಡಿಯಬಹುದಾದದ್ದು ಎರಡೇ ಲೋಟ ನೀರು. ಅದು ಗೊತ್ತಿರುವುದರಿಂದ ಕಚೇರಿಯವರು ನನ್ನೆದುರು ಬಾಟಲಿ ಎತ್ತುವುದಿಲ್ಲ. ಹೊರಗೆ ಹೋಗಿ ಕುಡಿದು ಬಾಯಿ ಒರೆಸಿಕೊಂಡು ಬರುತ್ತಾರೆ. ಆ ಕರುಣೆ ನನಗೆ ಬಾಯಾರಿಕೆಗಿಂತ ಹೆಚ್ಚು ಸುಡುತ್ತದೆ.

ಮೊದಲ ಆರು ತಿಂಗಳು ಆ ಮಂಚದ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದೆ. ಯಂತ್ರಕ್ಕೆ ಅಂಟಿಕೊಂಡವರು ಅಳುವುದೂ ಕಷ್ಟ. ರಕ್ತದೊತ್ತಡ ಇಳಿಯುತ್ತದೆ, ಮೀನಖಂಡ ಸೆಳೆಯುತ್ತದೆ, ಸಿಸ್ಟರ್ ಓಡಿಬಂದು ಕಾಲಿನ ಕಡೆ ಮಂಚ ಎತ್ತುತ್ತಾರೆ.

ನನ್ನ ಬಲಕ್ಕಿದ್ದವರು ರಬಕವಿಯ ನೇಕಾರರು, ಅರವತ್ತು ದಾಟಿದವರು. ಮೂವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದು, ಆಮೇಲೆ ಮಗನ ಪವರ್‌ಲೂಮ್ ನೋಡಿಕೊಂಡಿದ್ದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ತಂಗಿ ಎಂದು ಕರೆದರೂ, ನೌಕರಿಯವಳೆಂದು ಪ್ರತಿ ಮಾತಿಗೂ ‘ರಿ’ ಸೇರಿಸುತ್ತಿದ್ದರು. ಎದುರಿನ ಮಂಚದಲ್ಲಿ ಹಿಪ್ಪರಗಿಯವನೊಬ್ಬ, ನಲವತ್ತರ ಆಸುಪಾಸಿನ ಗಡ್ಡದ ಗಂಡಸು. ಸ್ವಂತ ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರುವವ. ಅವನ ಫೋನು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ.

ವಾದ ಶುರುವಾದದ್ದೂ ಆ ಫೋನಿನಿಂದಲೇ. ಒಂದು ಗುರುವಾರ ಅವನು ನಮ್ಮ ಕಡೆಯ ಹೊಸ ಜಾನಪದ ಹಾಡೊಂದನ್ನು ಹಚ್ಚಿದ. ಅಂಥ ಹಾಡುಗಳಲ್ಲಿ ಕೊನೆಯ ನುಡಿಗೆ ಬರೆದವನ ಹೆಸರು, ಊರು, ಕೆಲವೊಮ್ಮೆ ಮೊಬೈಲ್ ನಂಬರೂ ಬರುತ್ತದೆ. ಅದು ಬಂದೊಡನೆ ಕಾಕಾ ಸಿಡುಕಿದರು.

“ಬಂದ್ ಮಾಡೋ ಮಾರಾಯಾ ಅದನ್ನ! ಹಾಡಿನ್ಯಾಗ ಫೋನ್ ನಂಬರ ಹೇಳ್ತಾನಲ್ಲೋ, ಅಂವ ಕವಿ ಏನ, ಏಜೆಂಟ ಏನ?”

“ಕಾಕಾ, ನಿಮ್ಮ ಸಿನಿಮಾ ಕವಿಗೋಳ ಹೆಸರ ಯಾರಿಗರೆ ಗೊತ್ತೈತೇನ್ರಿ? ಮಂದಿ ಹೀರೋನ ಹಾಡ ಅಂತಾರ. ಬರದಾಂವ ಎಲ್ಲೋ ಹೋಗಿರ್ತಾನ. ನಮ್ಮಾಂವ ತನ್ನ ಹೆಸರ ತಾನ ಹೇಳ್ಕೊಂತಾನ. ನಾಚಿಕಿ ಇಲ್ಲ ಅವಗ. ಅದಕ್ಕ ಅಂವನ ದೊಡ್ಡಾಂವ.”

“ದೊಡ್ಡಾಂವ ಅಂದ್ರ ಯಾರ, ಗೊತ್ತೇನ ನಿನಗ?” ಎಂದು ಕಾಕಾ ಹಳೆಯ ಕಾಲದ ಒಬ್ಬ ಚಿತ್ರಗೀತೆಯ ಕವಿಯ ಹೆಸರು ಹೇಳಿದರು. ಆ ಕವಿಗಿಂತ ನೂರು ಪಾಲು ಮೇಲೆಂದು ನಾನು ನಂಬಿದ್ದ ಇನ್ನೊಬ್ಬರಿದ್ದರು. ನನ್ನ ಅಪ್ಪ ಅವರ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಹಚ್ಚಿ, ಒಂದೊಂದು ಸಾಲಿಗೂ ನಿಲ್ಲಿಸಿ ನನಗೆ ಅರ್ಥ ಹೇಳುತ್ತಿದ್ದ. ಆರು ತಿಂಗಳಲ್ಲಿ ಮೊದಲ ಸಲ ನಾನು ಗೋಡೆಯಿಂದ ಈಚೆ ತಿರುಗಿದೆ.

“ಕಾಕಾ, ಅದನ್ನ ಮಾತ್ರ ನಾ ಒಪ್ಪೂದಿಲ್ರಿ,” ಎಂದೆ.

ಆವತ್ತು ನಾಲ್ಕು ತಾಸು ಹೇಗೆ ಕಳೆದವೋ ತಿಳಿಯಲಿಲ್ಲ. ಸಿಸ್ಟರ್ ಸೂಜಿ ತೆಗೆಯಲು ಬಂದಾಗ ಕಾಕಾ, “ಸೋಮವಾರ ಬರ್ರಿ, ನೋಡೂಣು,” ಎಂದರು.

ಹೀಗೆ ಒಂದು ವರ್ಷದ ಮೇಲೆ ನಡೆಯಿತು. ಕಾಕಾನ ವಾದ ಮಗ್ಗದಿಂದ ಬಂದದ್ದು. “ಹಾಡಂದ್ರ ಲಾಳಿ ಇದ್ದಂಗ ಇರಬೇಕ್ರಿ ತಂಗಿ. ಈ ಕಡಿಂದ ಆ ಕಡೆ ಹೋಗೂದ್ರಾಗ ಎಲ್ಲೂ ಸಿಕ್ಕೊಬಾರದು. ನಿಮ್ಮ ಕವೀದ ಹಾಡ ನಾ ಮಗ್ಗದ ಮ್ಯಾಲೆ ಹಾಡಿ ನೋಡೇನಿ. ಎರಡನೇ ಸಾಲಿಗೇ ದಮ್ಮ ಹತ್ತತೈತಿ.”

“ದಮ್ಮ ಹತ್ತಲಿ ಬಿಡ್ರಿ. ಅರ್ಥ ಎದಿಗೆ ಹತ್ತತೈತಿಲ್ಲ?”

“ಅರ್ಥ ಆಮ್ಯಾಲ. ಮದಲ ಬಾಯಾಗ ಕುಂದರಬೇಕು.”

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಚೇರಿಯ ಮೇಜಿನ ಮೇಲೆ ಹಾಡಿನ ಸಾಲುಗಳನ್ನು ಬರೆದುಕೊಂಡು ಮುಂದಿನ ಪಾಳಿಗೆ ಸಿದ್ಧಳಾಗುತ್ತಿದ್ದೆ. ನನ್ನ ತಮ್ಮನ ಕಿಡ್ನಿ ನನಗೆ ಹೊಂದುವುದಿಲ್ಲ ಎಂದು ವರದಿ ಬಂದ ವಾರವೂ ಬಸ್ಸಿನಲ್ಲಿ ಕುಳಿತು, ಕಾಕಾನಿಗೆ ಏನು ಉತ್ತರ ಕೊಡಲಿ ಎಂದು ಯೋಚಿಸುತ್ತಿದ್ದೆ. ಬೇರೆ ಏನನ್ನಾದರೂ ಯೋಚಿಸಿದ್ದರೆ ನಾನು ಜಮಖಂಡಿಯಲ್ಲಿ ಆ ಬಸ್ಸಿನಿಂದ ಇಳಿಯುತ್ತಿದ್ದೆನೋ ಇಲ್ಲವೋ.

ನನ್ನ ತಪ್ಪು ನಡೆದದ್ದು ಕಳೆದ ಬೇಸಿಗೆಯಲ್ಲಿ. ತವರಿನಿಂದ ಹೊರಡುವ ಹೆಣ್ಣಿನ ಒಂದು ಹಳೆಯ ಹಾಡನ್ನು ಕಾಕಾ ಯಾವಾಗಲೂ ಮುಂದಿಡುತ್ತಿದ್ದರು. “ಈ ಒಂದ ಹಾಡ ಸಾಕ್ರಿ, ನಮ್ಮ ಕವಿ ಎಂಥಾಂವ ಅಂತ ತಿಳಿಯಾಕ,” ಎನ್ನುತ್ತಿದ್ದರು. ಆದರೆ ಅದನ್ನು ಬರೆದವರು ನನ್ನ ಕವಿ. ಎಷ್ಟು ಹೇಳಿದರೂ ಕಾಕಾ ನಂಬಲಿಲ್ಲ. ಅಪ್ಪನ ಡಬ್ಬಿಯಲ್ಲಿ ಹುಡುಕಿ ಆ ಕ್ಯಾಸೆಟ್ಟು ಸಿಕ್ಕಿದಾಗ ಕುಣಿಯುವಷ್ಟು ಸಂತೋಷವಾಯಿತು. ಗುರುವಾರ ಅದರೊಳಗಿನ ಕಾಗದ ಬಿಡಿಸಿ, ಸಾಹಿತ್ಯ ಎಂದು ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟು ಅವರ ಕೈಗೆ ಕೊಟ್ಟೆ.

ಕಾಕಾ ಕನ್ನಡಕ ಹಾಕಿಕೊಂಡು ತುಟಿ ಅಲುಗಿಸುತ್ತ ಓದಿದರು. ಕಾಗದವನ್ನು ಇದ್ದ ಹಾಗೆಯೇ ಮಡಚಿ ಹಿಂದಕ್ಕೆ ಕೊಟ್ಟರು.

“ಖರೆ ಐತ್ರಿ. ನಿಮ್ಮವ್ರ ಬರದಾರ.”

“ಗೆದ್ರಿ ಬಿಡ್ರಿ ಅಕ್ಕಾರ!” ಎಂದು ಹಿಪ್ಪರಗಿಯವನು ನಕ್ಕ. ಕಾಕಾ ಉಳಿದ ಮೂರು ತಾಸು ಒಂದು ಮಾತೂ ಆಡಲಿಲ್ಲ. ಅವರು ಹೋದ ಮೇಲೆ ಸಿಸ್ಟರ್ ನನ್ನ ಕೈಗೆ ಹತ್ತಿ ಒತ್ತುತ್ತ, “ಆ ಹಾಡ ಅವರ ಮನಿಯಾವ್ರ ಹಾಡ್ತಿದ್ರಂತ್ರಿ, ಕಂಡಕಿಗೆ ನೂಲ ಸುತ್ತಕೋಂತ. ಅವ್ರ ತೀರಕೊಂಡ ಹತ್ತ ವರ್ಷ ಆತಂತ,” ಎಂದರು.

ಸೋಮವಾರ ಕಾಕಾ ಬರಲಿಲ್ಲ. ಗುರುವಾರವೂ ಮಂಚ ಖಾಲಿ.

ಒಂದು ಪಾಳಿ ತಪ್ಪಿದರೆ ಕಾಲು ಊದುತ್ತದೆ. ಎರಡು ತಪ್ಪಿದರೆ ನೀರು ಎದೆಗೇರುತ್ತದೆ, ಮಲಗಲಾಗುವುದಿಲ್ಲ. ಆಮೇಲಿನದು ನಮಗೆಲ್ಲರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರ ಫೋನ್ ಬಂದ್ ಆಗಿತ್ತು. ಆಸ್ಪತ್ರೆಯಿಂದ ಮಗನ ನಂಬರಿಗೆ ಫೋನ್ ಮಾಡಿದಾಗ ಅವನು ಎತ್ತಿ, “ಅಪ್ಪ ಒಲ್ಲೆ ಅನ್ನಾಕತ್ತಾನ್ರಿ,” ಎಂದನಂತೆ. ಒಂದು ಹಾಡಿಗಾಗಿ ನಾನು ಒಬ್ಬ ಮನುಷ್ಯನನ್ನು ಕೊಂದೆ ಎನಿಸಿತು.

“ನೀ ಮದಲ ನಿನ್ನ ಕಾಲ ನೋಡ್ಕೊ,” ಎಂದು ಗಂಡ ಬೈದರೂ ಶುಕ್ರವಾರ ರಜೆ ಹಾಕಿ ಹೊರಟೆ. ಹಿಂದಿನ ದಿನದ ಡಯಾಲಿಸಿಸ್‌ನಿಂದ ತೊಡೆಗಳಲ್ಲಿ ಶಕ್ತಿಯೇ ಇರಲಿಲ್ಲ. ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದ ಎದುರು ಕಬ್ಬಿನ ಹಾಲಿನ ಗಾಣ ತಿರುಗುತ್ತಿತ್ತು, ಜನ ಗಟಗಟ ಕುಡಿಯುತ್ತಿದ್ದರು. ನಾಲಿಗೆ ಅಂಗುಳಿಗೆ ಅಂಟಿತ್ತು. ಕಣ್ಣು ಮುಚ್ಚಿ ಕಂಬಕ್ಕೆ ಒರಗಿ ನಿಂತೆ. ಏನು ಹೇಳಿ ಅವರನ್ನು ಕರೆತರಬೇಕೆಂದು ಎಷ್ಟು ಯೋಚಿಸಿದರೂ ತಲೆಗೆ ಏನೂ ಹೊಳೆಯಲಿಲ್ಲ.

ರಬಕವಿಯಲ್ಲಿ ಕೇಳಿಕೊಂಡು ಮನೆ ಹುಡುಕಿದೆ. ಸೊಸೆ ಬಾಗಿಲು ತೆಗೆದಳು. ಹಿಂದಿನ ಕೋಣೆಯಿಂದ ಪವರ್‌ಲೂಮಿನ ಸದ್ದು ಗೋಡೆ ನಡುಗಿಸುತ್ತಿತ್ತು. ಪಡಸಾಲೆಯಲ್ಲಿ, ಈಗ ಬರಿದಾಗಿದ್ದ ಹಳೆಯ ಕುಣಿಮಗ್ಗದ, ಕಾಲು ಇಳಿಬಿಟ್ಟು ನೇಯುವ ಗುಂಡಿಯ ಅಂಚಿಗೆ ಕಾಕಾ ಎರಡು ತಲೆದಿಂಬು ಅಪ್ಪಿಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. ಮುಖ ಊದಿ ಕಣ್ಣುಗಳು ಚಿಕ್ಕವಾಗಿದ್ದವು. ಪ್ರತಿ ಉಸಿರಿಗೂ ಹೆಗಲು ಏಳುತ್ತಿತ್ತು.

“ಇಂಥಾ ಬಿಸಲಾಗ ಯಾಕ ಬರಾಕ ಹೋದ್ರಿ ತಂಗಿ?”

“ನಂದ ತಪ್ಪಾತ್ರಿ ಕಾಕಾ. ಆ ಕ್ಯಾಸೆಟ್ಟ ನಾ ತರಬಾರದಿತ್ತು.”

ಅವರು ನನ್ನನ್ನೇ ನೋಡಿ ನಕ್ಕರು, ನಗು ಕೆಮ್ಮಾಯಿತು. “ಕ್ಯಾಸೆಟ್ಟಿನ ಸಲವಾಗಿ ಯಾರರೆ ಸಾಯ್ತಾರೇನ್ರಿ? ಇಲ್ಲಿ ಮುಟ್ಟಿ ನೋಡ್ರಿ.”

ಎಡಗೈ ಮುಂದೆ ಚಾಚಿದರು. ಸೂಜಿ ಚುಚ್ಚಲೆಂದು ಶಸ್ತ್ರಚಿಕಿತ್ಸೆ ಮಾಡಿ ಹೊಲಿದ ನರ ಅಲ್ಲಿರುತ್ತದೆ. ಬೆರಳಿಟ್ಟರೆ ಒಳಗೆ ಜೇನುಹುಳು ಗುಂಯ್‌ಗುಟ್ಟಿದ ಹಾಗೆ ಅದು ಅದುರುತ್ತಿರಬೇಕು. ನಾವೆಲ್ಲ ಬೆಳಿಗ್ಗೆ ಎದ್ದೊಡನೆ ಮೊದಲು ಅದನ್ನೇ ಮುಟ್ಟಿ ನೋಡಿಕೊಳ್ಳುವವರು. ಕಾಕಾನ ಕೈಯಲ್ಲಿ ಏನೂ ಇರಲಿಲ್ಲ. ತಣ್ಣಗಿತ್ತು.

“ರವಿವಾರ ಬಂದ್ ಬಿತ್ತು. ಊರಾಗಿನ ಡಾಕ್ಟರ, ಬಾಗಲಕೋಟಿಗೆ ಹೋಗ್ರಿ, ಕುತ್ತಿಗ್ಯಾಗ ನಳಿಗಿ ಹಾಕ್ತಾರ, ಆಮ್ಯಾಲ ಬ್ಯಾರೆ ಕೈ ಕೊಯ್ತಾರ ಅಂದ್ರು. ಮೂರ ಸಲ ಕೊಯ್ಸಿಕೊಂಡೇನ್ರಿ. ಸಾಕಾಗೇತಿ.”

ನನ್ನಿಂದ ಆದದ್ದಲ್ಲ ಎಂದು ತಿಳಿದು ಮೊದಲು ನನಗೆ ಸಮಾಧಾನವಾಯಿತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮರುಕ್ಷಣ ಭಯ ಹಿಡಿಯಿತು. ಮಕ್ಕಳ ಹೆಸರು ಹೇಳಿದೆ, ದೇವರ ಹೆಸರು ಹೇಳಿದೆ. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು. ಕೊನೆಗೆ ಅವರ ಎದುರು ನೆಲದ ಮೇಲೆ ಕೂತೆ.

“ಕಾಕಾ, ನೀವು ಹೇಳಿದ್ದ ಖರೆ. ನಿಮ್ಮ ಕವೀನ ದೊಡ್ಡಾಂವ. ನಾ ಸೋತೆ. ಇನ್ನ ಬರ್ರಿ.”

ಅವರ ಮುಖ ಬದಲಾಯಿತು. ತಲೆದಿಂಬನ್ನು ಪಕ್ಕಕ್ಕೆ ತಳ್ಳಿದರು.

“ಹಂಗ ಬಿಟ್ಟಕೊಡಬ್ಯಾಡ್ರಿ! ಒಂದ ವರ್ಷ ಬಿಟ್ಟಕೊಟ್ಟಿಲ್ಲ, ಇವತ್ತ ಯಾಕ? ಮುದಕ ಸಾಯಾಕ ಹೊಂಟಾನ, ಪಾಪ ಅಂತ ಏನ? ಮನ್ಯಾಗ ಎಲ್ಲಾರೂ ನಾ ಹೇಳಿದ್ದಕ್ಕೆಲ್ಲಾ ಹೂಂ ಅನ್ನಾಕತ್ತಾರ. ನೀವೂ ಅಷ್ಟ ಏನ್ರಿ?”

ನನ್ನ ಕೆನ್ನೆಗೆ ಹೊಡೆದಂತಾಯಿತು. ಕಚೇರಿಯವರು ಹೊರಗೆ ಹೋಗಿ ನೀರು ಕುಡಿದು ಬರುವುದನ್ನು ನಾನು ಎಷ್ಟು ದ್ವೇಷಿಸುತ್ತೇನೆ! ಇವರಿಗೆ ಅದನ್ನೇ ಮಾಡಿದ್ದೆ. ಸಿಟ್ಟು ಬಂತು, ನನ್ನ ಮೇಲೆ, ಅವರ ಮೇಲೆ, ಆ ತಣ್ಣಗಿನ ಕೈಯ ಮೇಲೆ.

“ಹಂಗಾರ ಕೇಳ್ರಿ,” ಎಂದೆ. “ನಿಮ್ಮ ಕವೀದ ಎಲ್ಲಾ ಬರೇ ಗಂಜಿ ಹಾಕಿದ ಸೀರಿ. ಅಂಗಡ್ಯಾಗ ಗರಿಗರಿ ಇರ್ತೈತಿ. ಒಂದ ಸಲ ಒಗದ್ರ ಚಿಂದಿ.”

ನೇಕಾರನಿಗೆ ಇದಕ್ಕಿಂತ ಕೆಟ್ಟ ಬೈಗುಳ ಇರಲಾರದು. ಕಾಕಾನ ಕಣ್ಣು ಅಗಲವಾದವು. “ಚಿಂದಿ? ಐವತ್ತ ವರ್ಷ… ಮಂದಿ ಬಾಯಾಗ… ಉಳದೈತಿ!”

“ಗಾಯಕನ ದನಿ ಉಳದೈತ್ರಿ, ಮಾತಲ್ಲ.”

“ಮಾತ ಇಲ್ಲದ… ದನಿ… ಎದಕ್ಕ ನಿಂದರತೈತ್ರಿ?”

ಇಬ್ಬರೂ ಏದುಸಿರು ಬಿಡುತ್ತ ಕೂಗಾಡುತ್ತಿದ್ದೆವು. ಸೊಸೆ ಹೆದರಿ ಗಂಡನನ್ನು ಕರೆದಳು. ಮಗ್ಗಗಳ ಸದ್ದು ನಿಂತಿತು. ಮಗ ನೂಲಿನ ಧೂಳು ಮೆತ್ತಿದ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ಅಪ್ಪನನ್ನು ನೋಡಿದ. ಐದು ದಿನದಿಂದ ಅಪ್ಪ ಹೀಗೆ ಮಾತಾಡಿದ್ದನ್ನು ಅವನು ಕಂಡಿರಲಿಲ್ಲವೇನೋ. ಮೆಲ್ಲಗೆ, “ಅಪ್ಪಾ, ಗಾಡಿ ತರ್ಲೇನ?” ಎಂದು ಕೇಳಿದ.

ಕಾಕಾ ನನ್ನ ಕಡೆ ಬೆರಳು ಮಾಡಿದರು. “ಈ ತಂಗಿಗೆ ಉತ್ತರ ಕೊಡಾಕರೆ ದಮ್ಮ ಬೇಕಲ್ಲೋ. ತಾ.”

ಆ ಮಧ್ಯಾಹ್ನವೇ ಬಾಗಲಕೋಟೆಗೆ ಹೋದರು. ಹತ್ತು ದಿನಕ್ಕೆ ಕುತ್ತಿಗೆಯಲ್ಲಿ ನಳಿಕೆ ಹಾಕಿಸಿಕೊಂಡು ಜಮಖಂಡಿಯ ಮಂಚಕ್ಕೆ ಮರಳಿದರು. ದನಿ ಸಣ್ಣದಾಗಿತ್ತು. ವಾದ ಮಾತ್ರ ಬಿಡಲಿಲ್ಲ. ನನ್ನ ಕವಿಯ ಒಂದು ಹಾಡನ್ನು ಸೊಸೆಯಿಂದ ಫೋನಿನಲ್ಲಿ ಹಚ್ಚಿಸಿ ಎಂಟು ಸಲ ಕೇಳಿದೆನೆಂದೂ, ಎಂಟನೆಯ ಸಲಕ್ಕೂ ಅದು ಬಾಯಲ್ಲಿ ಕೂರಲಿಲ್ಲವೆಂದೂ ಹೇಳಿದರು. ಹೀಗೆ ಐದು ವಾರ. ಆಮೇಲೆ ನಳಿಕೆಯ ಜಾಗಕ್ಕೆ ಸೋಂಕಾಗಿ ಚಳಿಜ್ವರ ಬಂತು. ಬೆಳಗಾವಿಗೆ ಕರೆದೊಯ್ದರು.

ಒಂದು ಸೋಮವಾರ ಬಸ್ಸಿನಲ್ಲಿದ್ದಾಗ ಹಿಪ್ಪರಗಿಯವನು ಫೋನ್ ಮಾಡಿದ. “ಅಕ್ಕಾರ, ಕಾಕಾ ಹೋದ್ರಿ. ಹನ್ನೆರಡಕ್ಕ ಮಣ್ಣಂತ.”

ನಮ್ಮ ಪಾಳಿ ಒಂಬತ್ತರಿಂದ ಒಂದರವರೆಗೆ. ಇವತ್ತೊಂದು ದಿನ ಬಿಟ್ಟು ನಾಳೆ ಬರುತ್ತೇನೆಂದು ಸಿಸ್ಟರನ್ನು ಬೇಡಿಕೊಂಡೆ. ಅವರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, “ನಾಕ ಕೇಜಿ ಏರೈತ್ರಿ ನೀರು. ಹಾದ್ಯಾಗ ಬಿದ್ದೀರಿ,” ಎಂದರು. ಹೋಗಿ ಮಲಗಿದೆ. ರಬಕವಿಯಲ್ಲಿ ಅವರನ್ನು ಎತ್ತುವ ಹೊತ್ತಿಗೆ ನಾವಿಬ್ಬರೂ ಇಲ್ಲಿ ಯಂತ್ರಕ್ಕೆ ಕಟ್ಟಿಹಾಕಿಕೊಂಡು ಬಿದ್ದಿದ್ದೆವು. ಹನ್ನೆರಡಾಯಿತು. ಹಿಪ್ಪರಗಿಯವನು ಫೋನ್ ತೆಗೆದ, ಹಾಡು ಹಚ್ಚಲಿಲ್ಲ, ಮತ್ತೆ ಎದೆಯ ಮೇಲೆ ಇಟ್ಟುಕೊಂಡ.

“ಏನರೆ ಮಾತಾಡ್ರಿ ಅಕ್ಕಾರ,” ಎಂದ.

ನಾನು ಮತ್ತೆ ಗೋಡೆಯ ಕಡೆ ತಿರುಗಿದೆ.

ಅಂದಿನಿಂದ ಒಂದೇ ಪ್ರಶ್ನೆ ನನ್ನನ್ನು ತಿನ್ನುತ್ತಿದೆ. ನಾನು ಹೋಗದಿದ್ದರೆ ಕಾಕಾ ತಾವು ಬಯಸಿದಂತೆ ತಮ್ಮ ಮಗ್ಗದ ಅಂಚಿನಲ್ಲಿ, ಮನೆಯವರ ನಡುವೆ ಹೋಗುತ್ತಿದ್ದರು. ಅವರನ್ನು ಕೆರಳಿಸಿ ಎಬ್ಬಿಸಿ ಐದು ವಾರ ಬದುಕಿಸಿದೆ. ಅದಕ್ಕೆ ಬದಲಾಗಿ ಬೆಳಗಾವಿಯಲ್ಲಿ ಮೈತುಂಬ ನಳಿಕೆಗಳ ನಡುವೆ ಸಾಯುವಂತೆ ಮಾಡಿದೆ. ಆ ಐದು ವಾರ ಅವರಿಗೆ ಬೇಕಾಗಿತ್ತೇ, ಅಥವಾ ನನಗೆ ಬೇಕಾಗಿತ್ತೇ?

ಒಂದು ತಿಂಗಳ ಮೇಲೆ ಜಮಖಂಡಿ ಬಸ್ ನಿಲ್ದಾಣದಲ್ಲಿ ಅವರ ಮಗ ಸಿಕ್ಕ. ತಡೆದುಕೊಳ್ಳಲಾಗದೆ ಕೇಳಿಬಿಟ್ಟೆ. “ಅವತ್ತ ನಾ ಬಂದದ್ದ ತಪ್ಪಾತೇನಪಾ?”

ಅಷ್ಟರಲ್ಲಿ ಮುಧೋಳದ ಬಸ್ಸು ಬಂತು, ಜನ ನುಗ್ಗಿದರು. ಅವನು ಓಡಿಹೋಗಿ ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯಿಂದ ಒಳಗೆ ಎಸೆದು ನನಗೊಂದು ಸೀಟು ಹಿಡಿದ. ನನ್ನ ಚೀಲ ತೆಗೆದುಕೊಂಡು, ಸೂಜಿ ಚುಚ್ಚದ ಬಲಗೈ ಹಿಡಿದು ಮೆಟ್ಟಿಲು ಹತ್ತಿಸಿದ. ನಾನು ಕೂತ ಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, “ಸಾವಕಾಶ ಹೋಗ್ರಿ ಅಕ್ಕಾರ,” ಎಂದ. ಇಳಿದು ಹೋದ.