ಮೀನು ತೊಳೆದ ನೀರು ಕುಡಿದ ಹೂವು

ಬಂಗುಡೆ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಸುರಿದಾಗ ಏಳುವ ವಾಸನೆಗೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನ್ನನ್ನು ಅದು ಶಿರೂರಿನ ಕಡಲ ದಂಡೆಯಲ್ಲಿದ್ದ ನಮ್ಮ ಮನೆಯ ಹೊಸ್ತಿಲಿಗೆ ಕರೆದೊಯ್ದು ಕೂರಿಸುತ್ತದೆ. ಆ ಮನೆಯನ್ನು ಕಡಲು ತಿಂದು ಬಹಳ ಕಾಲವಾಯಿತು. ಅಲ್ಲಿ ಅಮ್ಮನ ತಂಗಿ, ನಮ್ಮ ಚಿಕ್ಕಿಯದೇ ಯಜಮಾನಿಕೆ. ಮೀನಿನ ಬುಟ್ಟಿ ಹೊತ್ತು ಗುಡ್ಡೆಯಾಚೆಯ ಊರುಗಳಿಗೆ ಹೋಗುತ್ತಿದ್ದವಳು. ಮಳೆಗಾಲದ ಸೋಣೆ ತಿಂಗಳಲ್ಲಿ ನಮ್ಮ ಕಡೆ ಹೆಂಗಸರು ಹೊಸ್ತಿಲಿಗೆ ಸೇಡಿ ಮಣ್ಣಿನಲ್ಲಿ ಬಿಳಿ ಗೆರೆ ಬರೆದು ಹೂವಿಟ್ಟು ಪೂಜಿಸುತ್ತಾರಷ್ಟೆ. ಉಳಿದ ಮನೆಗಳಲ್ಲಿ ಬೇಲಿಯ ಹೂವೇ ನಡೆಯುತ್ತಿತ್ತು, ಚಿಕ್ಕಿಗೆ ಮಾತ್ರ ಗುಡ್ಡೆಯ ಬಿಳಿ ಹೂವೇ ಆಗಬೇಕು. ಮೀನಿನ ನಾತ ತಾಗದಿರಲೆಂದು ಸಾಗುವಾನಿ ಎಲೆಯಲ್ಲಿ ಸುತ್ತಿ, ಬುಟ್ಟಿ ಖಾಲಿಯಿದ್ದರೂ ಕೈಯಲ್ಲೇ ಹಿಡಿದು ತರುತ್ತಿದ್ದಳು. ಪ್ರತಿ ಹೂವಿನ ಹಿಂದೆ ಉದ್ದನೆಯ ಹಸಿರು ಬಾಲ. ಅದರ ತುದಿ ಚಿವುಟಿ ಚೀಪಿದರೆ ಒಂದೇ ಹನಿ ಸಿಹಿ. ಹೆಸರು ಕೇಳಿದರೆ ‘ಗುಡ್ಡಿ ಹೂ’ ಎಂದು ಮಾತು ಮುಗಿಸುತ್ತಿದ್ದಳು. ಜೊತೆಗೆ ಕರೆದುಕೊಂಡು ಹೋದಾಗೆಲ್ಲ ಒಂದೇ ತಾಕೀತು: “ಹೂ ಕೊಯ್ಯಿ, ಬುಡಕ್ ಕೈ ಹಾಕ್ಬೇಡ.”

ಒಂದು ವರ್ಷ ಅವಳ ಮಂಡಿ ಬಾತು, ಗುಡ್ಡೆ ಹತ್ತುವುದು ಪ್ರಯಾಸವಾಯಿತು. ಒಂಬತ್ತರ ನನ್ನ ಬುದ್ಧಿಗೆ ಹೊಳೆದ ಉಪಾಯವೆಂದರೆ ಗಿಡವನ್ನೇ ಮನೆಗೆ ತರುವುದು. ಗುಡ್ಡೆಯ ಕೆಂಪು ಮುರಕಲ್ಲಿನ ಸಂದಿಯಲ್ಲಿ ಕಂಡದ್ದು ಮೂರೇ ಗಿಡ, ಮೂರನ್ನೂ ಕಿತ್ತೆ. ಪ್ರತಿ ಬುಡದಲ್ಲೂ ಎರಡು ಗಡ್ಡೆ: ಒಂದು ಮುದುಕಿಯ ಹಾಗೆ ಸುಕ್ಕುಗಟ್ಟಿದ್ದು, ಇನ್ನೊಂದು ಪುಟ್ಟ, ಗುಂಡಗಿನದು. ಹೊಸ್ತಿಲ ಪಕ್ಕದಲ್ಲಿ ನೆಟ್ಟೆ. ಚಿಕ್ಕಿ ಬೈಯಲಿಲ್ಲ, ಬದಲಿಗೆ ಆ ಗಿಡಗಳ ಮೇಲೆ ಪ್ರೀತಿಯನ್ನೆಲ್ಲ ಸುರಿದಳು. ಮೀನು ಮಾರುವವರ ಮನೆಯಲ್ಲಿ ಗಿಡದ ಮೇಲಿನ ಪ್ರೀತಿಯೆಂದರೆ ಮೀನು ತೊಳೆದ ನೀರೇ ತಾನೆ? ತೆಂಗು, ಮೆಣಸು, ಕರಿಬೇವು ಎಲ್ಲವೂ ಅದನ್ನೇ ಕುಡಿದು ಬೆಳೆದವು. ದೀಪಾವಳಿ ಕಳೆಯುವಷ್ಟರಲ್ಲಿ ಎಲೆ ಒಣಗಿ ಬಿತ್ತು. ಬಾಯಾರಿಕೆಯೆಂದು ಅವಳು ಬೇಸಿಗೆಯುದ್ದಕ್ಕೂ ಇನ್ನಷ್ಟು ಸುರಿದಳು. ಮರುವರ್ಷ ಮಳೆ ಹಿಡಿದರೂ ಚಿಗುರಿಲ್ಲ. ನಾನು ಕೆದಕಿದಾಗ ಬೆರಳಿಗೆ ಸಿಕ್ಕಿದ್ದು ಕಪ್ಪು ಲೋಳೆ. ಆ ಸೋಣೆಯಲ್ಲಿ ಹೊಸ್ತಿಲಿಗೆ ತುಂಬೆ ಹೂವಿಟ್ಟು ಚಿಕ್ಕಿ ಮೆಲ್ಲಗೆ ಕೇಳಿದಳು: “ಗುಡ್ಡಿ ಮೇಲ್ ಒಂದಾರೂ ಬಿಟ್ಟ್ ಬಂದಿಯಲ್ದಾ?”

ಹ್ಞೂಂ ಎಂದೆ.

“ಹಂಗಾರೆ ಸಾಕ್,” ಎಂದಳು. ಮಂಡಿ ಮತ್ತೆ ಸರಿಯಾಗಲಿಲ್ಲ. ಗಿಡವನ್ನು ಕೊಂದದ್ದು ತಾನೇ ಎಂದು ಬಂದವರಿಗೆಲ್ಲ ಹೇಳಿಕೊಂಡು ನೊಂದುಕೊಳ್ಳುತ್ತಿದ್ದಳು. ಮೇಲೊಂದು ಉಳಿದಿದೆ ಎಂದು ಕೊನೆಗೆ ತಾನೇ ಸಮಾಧಾನವನ್ನೂ ಹೇಳಿಕೊಳ್ಳುತ್ತಿದ್ದಳು. ನಾನು ಅಡುಗೆಮನೆಗೆ ಸರಿದುಬಿಡುತ್ತಿದ್ದೆ. ಅವಳು ತೀರಿಕೊಳ್ಳುವವರೆಗೂ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಈಗ ಕುಂದಾಪುರದಲ್ಲಿ ನಮ್ಮ ಪಕ್ಕದ ಮನೆಯವರು ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಕಳೆದ ಸೋಣೆಯಲ್ಲಿ ಮಾತಿಗೆ ಮಾತು ಬಂದು ಆ ಹೂವನ್ನು ವರ್ಣಿಸಿದೆ. ಬಿಳಿ ಬಣ್ಣಕ್ಕೆ ಅವರು ತಲೆಯಾಡಿಸಲಿಲ್ಲ, ಹಸಿರು ಬಾಲಕ್ಕೆ ಕನ್ನಡಕ ಹಾಕಿಕೊಂಡರು, ಎರಡು ಗಡ್ಡೆ ಎಂದಾಗ ಎದ್ದೇ ನಿಂತರು. ಅದು ನೆಲದಲ್ಲಿ ಬೆಳೆಯುವ ಆರ್ಕಿಡ್ ಅಂತೆ. ಹಳೆ ಗಡ್ಡೆ ಹೂವಿಗೆ ಜೀವ ಕೊಟ್ಟು ಸುಕ್ಕಾಗುತ್ತದೆ, ಹೊಸದು ಬೇಸಿಗೆಯೆಲ್ಲ ಒಣ ಮಣ್ಣಿನಲ್ಲಿ ಮಲಗಿದ್ದು ಮಳೆಗೆ ಏಳುತ್ತದೆ. ನೀರು ನಿಲ್ಲದ ಕಲ್ಲುಸಂದಿಯೇ ಅದರ ಮನೆ, ಮಲಗಿದಾಗ ನೀರುಣಿಸಿದರೆ ಕೊಳೆಯುತ್ತದೆ. ಯಾವ ಜಾತಿಯೆಂದು ಕಣ್ಣಾರೆ ಕಂಡರಷ್ಟೇ ಹೇಳಬಹುದು ಎಂದರು.

ಮರುದಿನವೇ ಶಿರೂರಿಗೆ ಹೋಗಿ ಆ ಗುಡ್ಡೆ ಹತ್ತಿದೆ. ಈಗ ನನ್ನ ಮಂಡಿಯೂ ಚಿಕ್ಕಿಯ ಮಂಡಿಯೇ. ಅದೇ ಕಲ್ಲು, ಅದೇ ಸಂದಿ. ಏಳು ಗಿಡಗಳು ಹೂಬಿಟ್ಟು ನಿಂತಿದ್ದವು. ಗಡ್ಡೆಯ ತುಣುಕು ಉಳಿದಿತ್ತೋ, ಗಾಳಿ ಎಲ್ಲಿಂದಲೋ ಬೀಜ ತಂದಿತೋ ಗೊತ್ತಿಲ್ಲ. ಮೇಷ್ಟ್ರಿಗೆಂದು ಫೋಟೊ ತೆಗೆದೆ, ಬುಡಕ್ಕೆ ಕೈ ಹಾಕಲಿಲ್ಲ. ನಾನು ಅಂದು ಹೇಳಿದ ಸುಳ್ಳು ನಿಜವಾಗಿ ನಿಂತಿತ್ತು. ಕೇಳಿದವಳು ಮಾತ್ರ ಇರಲಿಲ್ಲ. ಒಂದು ಹೂವು ಕೊಯ್ದು ಸಾಗುವಾನಿ ಎಲೆಯಲ್ಲಿ ಸುತ್ತಿದ ಮೇಲೆ, ಇಡುವುದಕ್ಕೆ ಆ ಹೊಸ್ತಿಲೂ ಇಲ್ಲವೆಂಬುದು ನೆನಪಾಯಿತು.